ಜಿಪುಣ ಪೆನ್ನು, ಧಾರಾಳಿ ಪೆನ್ನು

ಪ್ರಶ್ನೆ: ಪೈಲಟ್‌ನವರ ಇರೋಶಿಝುಕು ಸಾಲಿನ ಕೊನ್‌ಪೆಕಿ ಇಂಕನ್ನು ಒಂದೇ ಸೀಸೆಯಿಂದ ಎರಡು ಫೌಂಟನ್ ಪೆನ್ನಿಗೆ ತುಂಬಿದೆ. ಒಂದರಲ್ಲಿ ತಿಳಿ ಆಕಾಶದ ಬಣ್ಣ, ಇನ್ನೊಂದರಲ್ಲಿ ಕಡುನೀಲಿ! ಇಂಕು ಕೆಟ್ಟಿದೆಯೇ? ಯಾವ ಪೆನ್ನಿಗೆ ಯಾವ ಇಂಕು ಅಂತ ತಿಳಿಯುವುದು ಹೇಗೆ?

ಉತ್ತರ: ಇಂಕು ಸರಿಯಾಗೇ ಇದೆ. ನಿಮ್ಮ ಪೆನ್ನುಗಳಲ್ಲಿ ಒಂದು ಜಿಪುಣ, ಇನ್ನೊಂದು ಧಾರಾಳಿ, ಅಷ್ಟೆ. ಹಾಳೆಯ ಮೇಲೆ ಇಂಕು ಹೆಚ್ಚು ಬಿದ್ದಷ್ಟೂ ಬಣ್ಣ ಗಾಢ. ಸೀಸೆ ಕೊಳ್ಳುವಾಗ ನಾವೆಲ್ಲ ಬಣ್ಣಕ್ಕೇ ಮರುಳಾಗುತ್ತೇವೆ. ಆದರೆ ಇಂಕುಗಳಲ್ಲೂ ಸಲೀಸಾಗಿ ಹರಿಯುವವು ಇವೆ, ಬಿಗಿಯಾಗಿ ಹರಿಯುವವು ಇವೆ. ಇರೋಶಿಝುಕು ಮೊದಲನೆಯ ಜಾತಿ, ಪೆಲಿಕನ್ 4001 ಎರಡನೆಯದು.

ನನ್ನಲ್ಲಿ ಮೀಡಿಯಂ ನಿಬ್ಬಿನ ಲ್ಯಾಮಿ 2000 ಇದೆ. 1966ರಿಂದ ಹೆಚ್ಚುಕಡಿಮೆ ಅದೇ ರೂಪದಲ್ಲಿ ಬರುತ್ತಿರುವ ಪೆನ್ನು. ನನ್ನದಂತೂ ಮಹಾ ಧಾರಾಳಿ. ಅದಕ್ಕೆ ಕೊನ್‌ಪೆಕಿ ತುಂಬಿ 'ಪಾಠ' ಎಂದು ಬರೆದರೆ ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಇಂಕಿನಲ್ಲಿ ಮುಳುಗಿಯೇ ಹೋಗುತ್ತಿತ್ತು. 'ಲಕ್ಷ್ಮಿ' ಬರೆದರೆ ಕೆಳಗಿನ ಒತ್ತುಗಳೆರಡೂ ಅಂಟಿಕೊಂಡು ಒಂದು ನೀಲಿ ಗಂಟು. ಪೆನ್ನು ಮಾರಿಬಿಡೋಣ ಅಂದುಕೊಂಡಿದ್ದೆ. ಅದಕ್ಕೆ ಮೊದಲು, ಯಾಕೋ, 4001 ನೀಲಿ ತುಂಬಿ ನೋಡಿದೆ. ಗೆರೆ ಸಣ್ಣದಾಯಿತು, ಠಕಾರದ ಚುಕ್ಕೆ ಮರಳಿ ಬಂತು. ಪೆನ್ನು ಇನ್ನೂ ನನ್ನ ಬಳಿಯೇ ಇದೆ.

ನನ್ನ ಇನ್ನೊಂದು ಪೆನ್ನು, ಫೈನ್ (ಸಣ್ಣ ಗೆರೆಯ) ನಿಬ್ಬಿನ ಜಪಾನಿ ಪ್ಲಾಟಿನಂ 3776ರ ಕಥೆ ಇದಕ್ಕೆ ತದ್ವಿರುದ್ಧ. (ಆ ಸಂಖ್ಯೆ ಫ್ಯೂಜಿ ಪರ್ವತದ ಎತ್ತರ, ಮೀಟರುಗಳಲ್ಲಿ.) ಜಪಾನಿನ ಫೈನ್ ನಿಬ್ಬುಗಳು ಯುರೋಪಿನ ಫೈನ್‌ಗಿಂತ ಸಾಮಾನ್ಯವಾಗಿ ಸಣ್ಣ. ನನ್ನದು ಜಿಪುಣ ಕೂಡ. ಅದರಲ್ಲಿ 4001 ಹಾಕಿದಾಗ ಹಾಳೆ ಕೆರೆಯುವ ಸದ್ದು ಕೇಳಿಸುತ್ತಿತ್ತು. ಕೊನ್‌ಪೆಕಿ ಹಾಕಿದ ಮೇಲೆ ಸದ್ದಡಗಿತು. ನಿಮ್ಮ ತಿಳಿನೀಲಿ ಪೆನ್ನಿಗೂ ಅದೇ ಇಂಕು ಇರಲಿ. ಕಡುನೀಲಿ ಬರೆಯುವ ಪೆನ್ನಿಗೆ ಬಿಗಿ ಇಂಕು ಹಾಕಿ ನೋಡಿ. ಹತ್ತಿಕಡ್ಡಿಯಲ್ಲಿ ಅದ್ದಿ ಹಾಳೆಗೆ ಬಳಿದ ಮಾದರಿ ನೋಡಿ ಮಾತ್ರ ನಿರ್ಧರಿಸಬೇಡಿ, ಅದು ಸುಳ್ಳು ಹೇಳುತ್ತದೆ. ಒಂದೇ ವಾಕ್ಯವನ್ನು ಪ್ರತಿ ಪೆನ್ನಲ್ಲೂ ಬರೆದು, ಪಕ್ಕದಲ್ಲಿ ಇಂಕಿನ ಹೆಸರು, ತಾರೀಕು ಹಾಕಿಡಿ. ನನ್ನ ವಾಕ್ಯದಲ್ಲಿ ಠ, ಥ, ಕ್ಷ್ಮ ಮೂರೂ ಇರಲೇಬೇಕು.

ಪ್ರಶ್ನೆ: ಅಜ್ಜನ ಪಾರ್ಕರ್ 51 ನನಗೆ ಬಂದಿದೆ. ಬರೆಯುತ್ತಿಲ್ಲ. ತೊಳೆದು, ಅಳಿಸಲಾಗದ ಐರನ್ ಗಾಲ್ ಇಂಕು ತುಂಬುವ ಆಸೆ.

ಉತ್ತರ: ತೊಳೆಯುವುದು ಸರಿ, ಆಸೆ ಸದ್ಯ ಬೇಡ. 1941ರಲ್ಲಿ ಮಾರುಕಟ್ಟೆಗೆ ಬಂದ ಈ ಪೆನ್ನಿನ ನಿಬ್ಬು ಮುಸುಕಿನೊಳಗೆ ಅಡಗಿ ತುದಿ ಮಾತ್ರ ಕಾಣುತ್ತದೆ. ನಿಬ್ಬಿನ ಸುತ್ತ ಇಂಕು ಹಿಡಿದಿಡುವ ಸಣ್ಣ ಸಣ್ಣ ಪದರಗಳಿವೆ. ಅಜ್ಜನ ಕಾಲದ ಇಂಕು ಅಲ್ಲೇ ಒಣಗಿ ಕೂತಿರುತ್ತದೆ. ತಣ್ಣೀರಿನ ಲೋಟದಲ್ಲಿ ನಿಬ್ಬಿನ ಭಾಗವಷ್ಟೇ ಮುಳುಗುವಂತೆ ನಿಲ್ಲಿಸಿ. ಸ್ವಲ್ಪ ಹೊತ್ತಿಗೆ ತುದಿಯಿಂದ ಹೊಗೆಯ ಹಾಗೆ ನೀಲಿ ಎಳೆ ಇಳಿಯತೊಡಗುತ್ತದೆ. ನೀರು ಬದಲಿಸುತ್ತಿರಿ, ದಿನಗಟ್ಟಲೆ ಆಗಬಹುದು. ಬಿಸಿನೀರು, ಸ್ಪಿರಿಟ್ಟು ಎರಡೂ ಬೇಡ. ನೀರು ತಿಳಿಯಾದ ಮೇಲೂ ಇಂಕು ಎಳೆದುಕೊಳ್ಳದಿದ್ದರೆ ಒಳಗಿನ ಭಾಗ ಹೋಗಿದೆ ಅಂತ; ನೀವೇ ಬಿಚ್ಚಲು ಹೋಗದೆ ರಿಪೇರಿ ಬಲ್ಲವರಿಗೆ ಕೊಡಿ.

ಇನ್ನು ಐರನ್ ಗಾಲ್. ಅದರಲ್ಲಿ ಕಬ್ಬಿಣದ ಲವಣ ಇದೆ, ಹುಳಿಯೂ ಇದೆ. ಬರೆದಾಗ ತಿಳಿಯಾಗಿದ್ದು, ಗಾಳಿ ತಾಗಿದಂತೆ ಕಪ್ಪಾಗಿ ಹಾಳೆಯನ್ನು ಕಚ್ಚಿಕೊಳ್ಳುತ್ತದೆ. ನನಗೂ ಬಹಳ ಇಷ್ಟ. ಆದರೆ ಸ್ಟೀಲ್ ನಿಬ್ಬಿನ ಪೆನ್ನೊಂದಕ್ಕೆ ತುಂಬಿ, ಡ್ರಾಯರಿನಲ್ಲಿಟ್ಟು ಆರು ತಿಂಗಳು ಮರೆತೆ. ತೆಗೆದಾಗ ನಿಬ್ಬಿನ ಸೀಳಿನುದ್ದಕ್ಕೂ ಕಪ್ಪು ಹರಳು, ಒರೆಸಿದರೆ ಅಡಿಯಲ್ಲಿ ಸೂಜಿ ಚುಚ್ಚಿದಂಥ ಗುಳಿಗಳು. ತಪ್ಪು ನನ್ನದೇ. ಚಿನ್ನದ ನಿಬ್ಬು ಈ ಹುಳಿಯನ್ನು ತಡೆದುಕೊಳ್ಳುತ್ತದೆ, ಆದರೆ ಒಣಗಿದ ಗಸಿ ಸಿಕ್ಕಿಕೊಂಡರೆ ಚಿನ್ನವೇನು ಮಾಡೀತು? ಮುಸುಕಿನ ಪೆನ್ನಿನಲ್ಲಿ ಅದನ್ನು ತೆಗೆಯುವುದು ದೊಡ್ಡ ತಲೆನೋವು. ಅಜ್ಜನ ಪೆನ್ನಿಗೆ ನೀರಲ್ಲಿ ತೊಳೆದುಹೋಗುವ ಸಾದಾ ನೀಲಿ ಹಾಕಿ. ಐರನ್ ಗಾಲ್ ಬೇಕೇ ಬೇಕೆಂದರೆ, ಸುಲಭವಾಗಿ ಬಿಚ್ಚಿ ತೊಳೆಯಬಹುದಾದ, ದಿನವೂ ಬರೆಯುವ ಪೆನ್ನಿಗಿರಲಿ.

ಪ್ರಶ್ನೆ: ತಳದಲ್ಲಿ ಉಳಿದ ಎರಡು ಬಗೆಯ ಇಂಕುಗಳನ್ನು ಬೆರೆಸಿ ಹೊಸ ಬಣ್ಣ ಮಾಡಬಹುದೇ?

ಉತ್ತರ: ಪೆನ್ನಿನೊಳಗಂತೂ ಬೇಡ. ಒಂದು ಹುಳಿ, ಇನ್ನೊಂದು ಕ್ಷಾರ ಆಗಿದ್ದರೆ ಹಾಲು ಒಡೆದಂತೆ ಒಡೆಯಬಹುದು. ಗಾಜಿನ ಪುಟ್ಟ ಬಾಟಲಿಯಲ್ಲಿ ಬೆರೆಸಿ ಕೆಲವು ದಿನ ಬಿಡಿ. ಬಗ್ಗಿಸಿ ನೋಡಿದಾಗ ತಳದಲ್ಲಿ ಲೋಳೆಯೋ ಮರಳೋ ಕಂಡರೆ ಮೋರಿಗೆ ಸುರಿಯಿರಿ. ನಾನು ಸುರಿದದ್ದು ಒಳ್ಳೆಯ ನೇರಳೆ ಬಣ್ಣ, ಹೊಟ್ಟೆ ಉರಿಯಿತು.