ವಂಶದಲ್ಲೇ ಇಲ್ಲದ ಕಾಯಿಲೆ ಮಗುವಿಗೆ ಹೇಗೆ ಬಂತು?

ಪ್ರಶ್ನೆ: ನಾನು ಸೋದರಮಾವನನ್ನೇ ಮದುವೆಯಾಗಿದ್ದೇನೆ. ಮಗಳು ಚೆನ್ನಾಗಿದ್ದಾಳೆ. ಎರಡನೆಯವನಿಗೆ ಥಲಸೀಮಿಯಾ, ಆಗಾಗ ರಕ್ತ ಹಾಕಿಸಬೇಕು. ನಮ್ಮ ವಂಶದಲ್ಲಿ ಇದು ಯಾರಿಗೂ ಇಲ್ಲ, ನಿಮ್ಮಪ್ಪನ ಕಡೆಯಿಂದ ಬಂದದ್ದು ಅಂತ ಅತ್ತೆ ದಿನಾ ಅನ್ನುತ್ತಾರೆ. ನಿಜವೇ?
- ಓದುಗರು, ಗಂಗಾವತಿ ತಾಲೂಕು

ಉತ್ತರ: ಇಲ್ಲಮ್ಮಾ, ನಿಜವಲ್ಲ. ನಿಮ್ಮೊಬ್ಬರಿಂದಲೇ ಈ ಕಾಯಿಲೆ ಬರಲು ಸಾಧ್ಯವೇ ಇಲ್ಲ.

ಥಲಸೀಮಿಯಾ ಅಂದರೆ ರಕ್ತದ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆ. ಹಿಮೋಗ್ಲೋಬಿನ್ ಮಾಡುವ ಜೀನ್, ಅಂದರೆ ತಂದೆತಾಯಿಯಿಂದ ಬರುವ ಗುಣದ ಸೂತ್ರ, ನಮ್ಮಲ್ಲಿ ಜೋಡಿಯಾಗಿ ಇರುತ್ತದೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಜೋಡಿಯಲ್ಲಿ ಒಂದು ಕೆಟ್ಟಿದ್ದರೂ ಇನ್ನೊಂದು ಕೆಲಸ ಸಾಗಿಸುತ್ತದೆ. ಇಂಥವರನ್ನು ಕ್ಯಾರಿಯರ್ ಅನ್ನುತ್ತಾರೆ. ಅವರಿಗೆ ಹೆಚ್ಚೆಂದರೆ ಸ್ವಲ್ಪ ರಕ್ತ ಕಡಿಮೆ ಇರುತ್ತದೆ, ಕಬ್ಬಿಣದ ಮಾತ್ರೆ ನುಂಗುತ್ತಾ ಜೀವನ ಕಳೆದಿರುತ್ತಾರೆ, ಹೀಗಾಗಿ ನಾಲ್ಕು ತಲೆಮಾರು ಕಳೆದರೂ ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮಗನಿಗೆ ಎರಡೂ ಕೆಟ್ಟ ಪ್ರತಿಗಳೇ ಸಿಕ್ಕಿವೆ. ಅಂದರೆ ಒಂದು ನಿಮ್ಮದು, ಒಂದು ನಿಮ್ಮ ಯಜಮಾನರದು.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ನಿಮ್ಮ ತಾಯಿಯ ತಾಯಿಯೇ, ಅಲ್ವಾ? ನಿಮ್ಮಲ್ಲಿರುವ ಕೆಟ್ಟ ಪ್ರತಿ ಬೇಕಾದರೆ ನಿಮ್ಮ ತಂದೆಯಿಂದ ಬಂದಿರಲಿ. ಆದರೆ ನಿಮ್ಮ ಯಜಮಾನರಿಗೆ ಅದು ನಿಮ್ಮ ತಂದೆಯಿಂದ ಬರುವುದು ಹೇಗೆ? ಅವರಿಗೆ ಬಂದದ್ದು ನಿಮ್ಮ ಅಜ್ಜ ಅಥವಾ ಅಜ್ಜಿಯಿಂದ. ಅದೇ ಪ್ರತಿ ನಿಮ್ಮ ತಾಯಿಗೂ ಬಂದು ಅವರಿಂದ ನಿಮಗೆ ದಾಟಿರುವ ಸಾಧ್ಯತೆಯೇ ಜಾಸ್ತಿ. ಸೋದರಮಾವ ಮತ್ತು ಅಕ್ಕನ ಮಗಳ ಜೀನ್‌ಗಳಲ್ಲಿ ಸರಾಸರಿ ನಾಲ್ಕನೇ ಒಂದು ಭಾಗ ಒಂದೇ ಮೂಲದ್ದು. ಸಂಬಂಧದೊಳಗಿನ ಮದುವೆ ಕಾಯಿಲೆಯನ್ನು ಹುಟ್ಟಿಸುವುದಿಲ್ಲ, ಒಂದೇ ಕೆಟ್ಟ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಅಕ್ಕನ ಮಗಳನ್ನು ತರುವುದು ಇನ್ನೂ ಇದೆ. ಅಂಥ ಮನೆಗಳಲ್ಲಿ ಜಾತಕ ನೋಡುವ ಮುಂಚೆ ಕ್ಯಾರಿಯರ್ ಹೌದೋ ಅಲ್ಲವೋ ತಿಳಿಯುವ ರಕ್ತಪರೀಕ್ಷೆ ಆಗಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಮುಂದಿನದ್ದು ಮುಖ್ಯ. ಇಬ್ಬರೂ ಕ್ಯಾರಿಯರ್ ಆಗಿದ್ದರೆ ಪ್ರತಿ ಗರ್ಭದಲ್ಲೂ ಕಾಯಿಲೆಯ ಸಾಧ್ಯತೆ ಶೇ. 25. ಒಂದು ಮಗುವಿಗೆ ಬಂದಾಯ್ತು, ಇನ್ನು ಮೂರಕ್ಕೆ ಬರುವುದಿಲ್ಲ ಅಂತ ಲೆಕ್ಕ ಹಾಕಬೇಡಿ. ಪ್ರತಿ ಸಲವೂ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ಮಗಳು ಆರೋಗ್ಯವಾಗಿದ್ದಾಳೆ, ಸಂತೋಷ. ಆದರೆ ಆಕೆ ಕ್ಯಾರಿಯರ್ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು. ಅದನ್ನು ತಿಳಿಯಲು ಹಿಮೋಗ್ಲೋಬಿನ್ ಎ2 ಅನ್ನುವ ರಕ್ತಪರೀಕ್ಷೆ ಮಾಡಿಸಿ, ಆಕೆಗೂ, ನಿಮ್ಮಿಬ್ಬರ ಅಣ್ಣತಮ್ಮಂದಿರು, ಅಕ್ಕತಂಗಿಯರಿಗೂ. ಮತ್ತೆ ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ವೈದ್ಯರ ಹತ್ತಿರ ಮಾತಾಡಿ, ಹತ್ತರಿಂದ ಹನ್ನೆರಡು ವಾರದೊಳಗೆ ಹೊಟ್ಟೆಯಲ್ಲಿರುವ ಮಗುವಿನ ಸ್ಥಿತಿ ತಿಳಿಯುವ ಪರೀಕ್ಷೆ ಇದೆ. ಮಗನಿಗೆ ಅಸ್ಥಿಮಜ್ಜೆ ಕಸಿಯ (ಎಲುಬಿನೊಳಗೆ ರಕ್ತ ತಯಾರಿಸುವ ಮಜ್ಜೆಯನ್ನು ಬೇರೊಬ್ಬರಿಂದ ಪಡೆದು ಹಾಕುವುದು) ಬಗ್ಗೆಯೂ ಕೇಳಿ. ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅಕ್ಕ ಕ್ಯಾರಿಯರ್ ಆಗಿದ್ದರೂ ಕೊಡಬಹುದು.

ಪ್ರಶ್ನೆ: ಹೈಬ್ರಿಡ್ ಹತ್ತಿ ಭರ್ಜರಿ ಬಂತು ಅಂತ ಅದರ ಬೀಜವನ್ನೇ ಇಟ್ಟು ಬಿತ್ತಿದೆ. ಒಂದು ಗಿಡ ಎತ್ತರ, ಒಂದು ಗಿಡ್ಡ, ಕಾಯಿಯೂ ಕಡಿಮೆ. ಭೂಮಿ ಕೆಟ್ಟಿತೇ?
- ಓದುಗರು, ಸಿಂಧನೂರು

ಉತ್ತರ: ಭೂಮಿ ಕೆಟ್ಟಿಲ್ಲ. ಹೈಬ್ರಿಡ್ ಅಂದರೆ ಎರಡು ಬೇರೆ ತಳಿಗಳ ಮಗು. ಬೀಜದ ಪ್ಲಾಟುಗಳಲ್ಲಿ ಸಂಜೆ ಮೊಗ್ಗಿನ ಗಂಡುಭಾಗ ಕಿತ್ತು, ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಪರಾಗ ಹಚ್ಚುವುದನ್ನು ನೀವು ನೋಡಿರುತ್ತೀರಿ. ಆ ಮೊದಲ ಪೀಳಿಗೆ ಒಂದೇ ಸಮ ಇರುತ್ತದೆ. ಅದರ ಬೀಜ ಬಿತ್ತಿದಾಗ ಜೋಡಿಗಳು ಒಡೆದು ಹೊಸದಾಗಿ ಕೂಡುತ್ತವೆ, ಅಡಗಿದ್ದ ಗುಣಗಳು ಹೊರಗೆ ಬರುತ್ತವೆ. ವಿಜ್ಞಾನಿ ಗ್ರೆಗರ್ ಮೆಂಡೆಲ್ ಬಟಾಣಿಯಲ್ಲಿ ಇದನ್ನೇ ಕಂಡರು. ದುಂಡು ಕಾಳು, ಸುಕ್ಕು ಕಾಳು ಕೂಡಿಸಿದಾಗ ಮೊದಲ ಪೀಳಿಗೆ ಪೂರ್ತಿ ದುಂಡು. ಎರಡನೆಯದರಲ್ಲಿ 5474 ದುಂಡು, 1850 ಸುಕ್ಕು, ಸುಮಾರು ಮೂರು ದುಂಡಿಗೆ ಒಂದು ಸುಕ್ಕು, ಅಂದರೆ ನಾಲ್ಕರಲ್ಲಿ ಒಂದು. 1866ರಲ್ಲಿ ಅಚ್ಚಾದ ಈ ಲೆಕ್ಕ 1900ರವರೆಗೆ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ. ಮೇಲಿನ ತಾಯಿಯ ಪ್ರಶ್ನೆಯಲ್ಲಿ ಕಾಯಿಲೆಯ ಸಾಧ್ಯತೆ ಶೇ. 25 ಅಂದೆನಲ್ಲ, ಅದೂ ಇದೇ ಲೆಕ್ಕವೇ.

ಬಿಟಿ ಹತ್ತಿಯಾದರೆ (ಕಾಯಿಕೊರಕ ಹುಳು ತಡೆಯುವ ಜೀನ್ ಸೇರಿಸಿದ ಹತ್ತಿ) ಎರಡನೇ ಪೀಳಿಗೆಯ ಕೆಲವು ಗಿಡಗಳಿಗೆ ಬಿಟಿ ಗುಣವೇ ಇಲ್ಲದೆ ಕಾಯಿಕೊರಕ ಸುಲಭವಾಗಿ ಹತ್ತಬಹುದು. ಹತ್ತಿ ಹೈಬ್ರಿಡ್‌ಗೆ ಪ್ರತಿ ವರ್ಷ ಹೊಸ ಬೀಜವೇ ಬೇಕು. ಸೋನಾ ಮಸೂರಿ ಭತ್ತ, ಮಾಲದಂಡಿ ಜೋಳ ತಳಿಗಳು, ಹೈಬ್ರಿಡ್ ಅಲ್ಲ. ಅವುಗಳ ಒಳ್ಳೆ ಬೀಜ ಆರಿಸಿ ಇಟ್ಟುಕೊಳ್ಳಿ.

ಪ್ರಶ್ನೆ: ನನ್ನದು ಎ ಗುಂಪು, ಯಜಮಾನರದು ಬಿ. ಮಗುವಿನದು ಒ ಬಂದಿದೆ. ಮನೆಯಲ್ಲಿ ಏನೇನೋ ಮಾತು ಎದ್ದಿದೆ.
- ಓದುಗರು, ಬಳ್ಳಾರಿ

ಉತ್ತರ: ಆ ಮಾತು ಇವತ್ತೇ ನಿಲ್ಲಲಿ. ಎ ಗುಂಪಿನವರಲ್ಲಿ ಒ ಅಡಗಿರಬಹುದು, ಬಿ ಗುಂಪಿನವರಲ್ಲೂ ಅಷ್ಟೇ. ಇಬ್ಬರಿಂದಲೂ ಒ ದಾಟಿದರೆ ಮಗು ಒ. ಇದು ತೀರಾ ಸಹಜ. ಈ ಪುಟವನ್ನು ಯಜಮಾನರಿಗೇ ಓದಲು ಕೊಡಿ. ನಿಮ್ಮ ಮುಂದಿನ ಮಗುವಿಗೆ ಎ, ಬಿ, ಎಬಿ, ಒ, ಯಾವುದು ಬೇಕಾದರೂ ಬರಬಹುದು.