ನಮ್ಮ ಕ್ಲಾನಿನ ಸೇನಾಪತಿ ಎಂಟನೇ ಕ್ಲಾಸಿನ ಹುಡುಗ, ಏನು ಮಾಡಲಿ?

ಪ್ರಶ್ನೆ: ನನಗೆ 36 ವರ್ಷ. ಡೊಂಬಿವಲಿಯಲ್ಲಿ ಮನೆ, ಲೋವರ್ ಪರೇಲಿನಲ್ಲಿ ಕೆಲಸ. ಕ್ಲಾಷ್ ಆಫ್ ಕ್ಲಾನ್ಸ್ ಎಂಬ ಮೊಬೈಲ್ ಆಟದಲ್ಲಿ ಮುಂಬೈ, ಪುಣೆ, ಗೋವೆಯ ಕನ್ನಡಿಗರದೇ ಒಂದು ಕ್ಲಾನ್ (ತಂಡ) ಕಟ್ಟಿದ್ದೇನೆ, 43 ಜನ ಇದ್ದೇವೆ. ರಾತ್ರಿ ಊಟ ಮುಗಿಸಿ 11.15ರ ಹೊತ್ತಿಗೆ ಯುದ್ಧ ಶುರು ಮಾಡುತ್ತೇನೆ. ಎಂಟು ತಿಂಗಳಿಂದ ಪ್ಲಾನ್ ಎಲ್ಲ ವಾಸ್ಕೋದ ಒಬ್ಬ ಕೋ-ಲೀಡರ್‌ನದು. ಬರೀ ಟೈಪ್ ಮಾಡುತ್ತಿದ್ದ, ಕಾಲೇಜು ಹುಡುಗ ಅಂದುಕೊಂಡಿದ್ದೆವು. ಮೊನ್ನೆ ಕೊನೆಯ ದಾಳಿ ಅವನದಾಗಿತ್ತು. ಎಲ್ಲರೂ ನೋಡುತ್ತಿದ್ದೆವು, ಮೂರರಲ್ಲಿ ಒಂದೇ ಸ್ಟಾರ್ ಬಂತು. ಪುಣೆಯ 41ರ ಸದಸ್ಯರೊಬ್ಬರು ವಾಟ್ಸ್ಆಪ್ ಗ್ರೂಪ್ ಕಾಲ್‌ನಲ್ಲಿ ಅಮ್ಮ, ಅಕ್ಕ ಅಂತ ಸೇರಿಸಿ ಬೈದರು. ಅವನು ಅತ್ತುಬಿಟ್ಟ. ಧ್ವನಿ ಕೇಳಿ ಗೊತ್ತಾಯಿತು, 13 ವರ್ಷದ ಹುಡುಗ. ಆಮೇಲೆ ನನಗೊಬ್ಬನಿಗೇ ಮೆಸೇಜ್: “ಅಣ್ಣಾ, ಮನೇಲಿ ಹೇಳ್ಬೇಡಿ, ಫೋನ್ ಕಿತ್ಕೊಳ್ತಾರೆ.” ಮೂವರು ಸದಸ್ಯರು ತಮ್ಮ ಆಟದ ಖಾತೆಯ ಐಡಿಯನ್ನೂ ಅವನಿಗೇ ಕೊಟ್ಟು ದಾಳಿ ಮಾಡಿಸುತ್ತಾರೆ ಎಂದೂ ತಿಳಿಯಿತು. “ರಾತ್ರಿ ಹನ್ನೊಂದೂವರೆಗೆ ಯಾರದೋ ಮಗುವಿನ ಹತ್ತಿರ ನಿಮಗೇನು ಮಾತು?” ಎಂದು ಹೆಂಡತಿ ಕೇಳುತ್ತಾಳೆ. ಹುಡುಗನನ್ನು ತೆಗೆದುಹಾಕಲೇ? ತಾಯಿಗೆ ಹೇಳಲೇ? ಈ ವಯಸ್ಸಲ್ಲಿ ಆಡುವುದೇ ನನ್ನ ತಪ್ಪೇ?

ಉತ್ತರ: ತೆಗೆದುಹಾಕಬೇಡಿ. ತೆಗೆದರೆ ಅದೇ ಸಂಜೆ ಅವನು ಇನ್ನೊಂದು ಕ್ಲಾನ್ ಸೇರುತ್ತಾನೆ, ಗುರುತಿಲ್ಲದವರ ನಡುವೆ. ಈ ಸಲ ವಯಸ್ಸನ್ನು ಇನ್ನೂ ಚೆನ್ನಾಗಿ ಮುಚ್ಚಿಡುತ್ತಾನೆ. ಆದರೆ ಈಗಿರುವ ಹಾಗೆ ಒಂದು ದಿನವೂ ಮುಂದುವರಿಸುವಂತಿಲ್ಲ. ಬದಲಾಗಬೇಕಾದದ್ದರಲ್ಲಿ ಮುಕ್ಕಾಲು ಪಾಲು ನಿಮ್ಮ ಕೈಯಲ್ಲೇ ಇದೆ.

ಮೊದಲು ನಿಮ್ಮ ಹೆಂಡತಿಯ ಮಾತು. ಅವರು ನಿಮ್ಮ ಮೇಲೆ ಸಂಶಯಪಡುತ್ತಿಲ್ಲ, ಆ ಹುಡುಗನ ತಾಯಿ ಕೇಳಬೇಕಾದ ಪ್ರಶ್ನೆಯನ್ನು ಅವಳ ಪರವಾಗಿ ಕೇಳುತ್ತಿದ್ದಾರೆ. ದೊಡ್ಡವರೊಬ್ಬರು, ಪರರ ಮಗು, ತಡರಾತ್ರಿ, ಮನೆಯವರಿಗೆ ಗೊತ್ತಿಲ್ಲದ ಖಾಸಗಿ ಮಾತು, ಮೇಲೊಂದು ಗುಟ್ಟು. ನಿಮ್ಮ ಮನಸ್ಸು ಎಷ್ಟೇ ಶುದ್ಧವಿರಲಿ, ಮಕ್ಕಳಿಗೆ ಕೇಡು ಮಾಡುವವರು ಬರುವ ದಾರಿಯೂ ಇದೇ. ಇದು ಸಾಮಾನ್ಯ ಎಂದು ನಿಮ್ಮಿಂದ ಅವನು ಕಲಿತರೆ, ನಾಳೆ ಕೆಟ್ಟವನೊಬ್ಬ ಹೀಗೇ ಮಾತಾಡಿಸಿದಾಗ ಅವನಿಗೆ ಅನುಮಾನವೇ ಬರುವುದಿಲ್ಲ. ಹಾಗಾಗಿ ಇವತ್ತೇ ಒಂದು ಮೆಸೇಜ್ ಕಳಿಸಿ, ಹೆಂಡತಿಗೆ ತೋರಿಸಿಯೇ ಕಳಿಸಿ: “ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕ್ಲಾನಿನಲ್ಲಿ ನಿನ್ನ ಜಾಗ ಇದೆ. ಇನ್ನು ಮೇಲೆ ಮಾತೆಲ್ಲ ಕ್ಲಾನ್ ಚಾಟ್‌ನಲ್ಲೇ. ಮನೆಯಲ್ಲಿ ಹೇಳದೆ ಇರಲು ನನಗಾಗದು. ಮೊದಲು ನೀನೇ ಅಮ್ಮನಿಗೆ ಹೇಳು, ಭಾನುವಾರ ನಾನು ಮಾತಾಡುತ್ತೇನೆ.” ದಿನ ಹೇಳಿಬಿಡಿ. “ಯಾವಾಗಲಾದರೂ” ಎಂದರೆ ಅವನು ಆ ತನಕ ಎದೆ ಢವಢವ ಎನ್ನಿಸಿಕೊಂಡೇ ಇರುತ್ತಾನೆ.

ವಾಟ್ಸ್ಆಪ್ ಗುಂಪಿನಿಂದ ಅವನನ್ನು ತೆಗೆಯಿರಿ, ಕ್ಲಾನಿನಿಂದಲ್ಲ. ಆ ಗುಂಪಿನಲ್ಲಿರುವ ಎಲ್ಲರಿಗೂ ಅವನ ನಂಬರ್ ಕಾಣುತ್ತದೆ. ಯುದ್ಧದ ಸೂಚನೆಗೆ ಆಟದೊಳಗಿನ ಕ್ಲಾನ್ ಮೇಲ್ ಸಾಕು. ಯಾಕೆ ತೆಗೆದಿರಿ ಎಂದು ಅವನಿಗೆ ಮುಂಚೆ ಹೇಳಿ, ಇಲ್ಲದಿದ್ದರೆ ಶಿಕ್ಷೆ ಅಂದುಕೊಳ್ಳುತ್ತಾನೆ.

ಇನ್ನು ಗಡಿಯಾರದ ವಿಷಯ. ನಿಮ್ಮ ಪತ್ರದಲ್ಲಿ ನೀವು ಗಮನಿಸದೆ ಬರೆದ ಒಂದು ಸಾಲು ಇದೆ, 11.15ಕ್ಕೆ ಯುದ್ಧ ಶುರು ಮಾಡುವುದು. ಎದುರಾಳಿ ಕ್ಲಾನ್ ಸಿಕ್ಕ ಕ್ಷಣದಿಂದ 23 ಗಂಟೆ ತಯಾರಿ, ಆಮೇಲೆ 24 ಗಂಟೆ ಕದನ. ಅಂದರೆ ರಾತ್ರಿ 11.15ಕ್ಕೆ ಹುಡುಕಾಟ ಶುರು ಮಾಡಿ 11.40ಕ್ಕೆ ಎದುರಾಳಿ ಸಿಕ್ಕರೆ, ಯುದ್ಧ ಮುಗಿಯುವುದು ಎರಡು ದಿನ ಬಿಟ್ಟು ರಾತ್ರಿ 10.40ಕ್ಕೆ. ಉಸಿರು ಬಿಗಿಹಿಡಿಯುವ ಕೊನೆಯ ಅರ್ಧ ಗಂಟೆ ಪ್ರತಿ ಸಲ ಶಾಲೆಯ ಹುಡುಗನ ನಿದ್ದೆಯ ಹೊತ್ತಿಗೇ ಬೀಳುತ್ತದೆ. ಅವನು ನಿದ್ದೆಗೆಡುವುದಕ್ಕೆ ಅವನ ಚಟವೊಂದೇ ಕಾರಣವಲ್ಲ. ಶುಕ್ರವಾರ ಆಫೀಸು ಬಿಟ್ಟು ಕರೀ ರೋಡ್ ಸ್ಟೇಷನ್ನಿಗೆ ನಡೆಯುವ ಮೊದಲು, 6.30ಕ್ಕೆ, ಹುಡುಕಾಟ ಒತ್ತಿಬಿಡಿ. ಒಮ್ಮೊಮ್ಮೆ ಎದುರಾಳಿ ಸಿಗುವುದು ತಡವಾಗುತ್ತದೆ, ಆ ಅವಕಾಶವನ್ನೂ ಸೇರಿಸಿಯೇ ಈ ಹೊತ್ತು. ಶನಿವಾರ ಸಂಜೆ ಆರರವರೆಗೆ ತಯಾರಿ, ಭಾನುವಾರ ಸಂಜೆ ಆರರೊಳಗೆ ಎಲ್ಲ ಮುಗಿದಿರುತ್ತದೆ. ಎದುರಾಳಿಯ ಬೇಸ್‌ಗಳು, ಅಂದರೆ ಆಟದ ಹಳ್ಳಿಗಳು, ತಯಾರಿಯ ದಿನವೇ ಕಾಣುವುದರಿಂದ ಶನಿವಾರ ಬೆಳಿಗ್ಗೆ ಒಂದು ಗಂಟೆ ಕೂತರೆ ಅವನ ಪ್ಲಾನ್ ಮುಗಿಯುತ್ತದೆ. ಪರೀಕ್ಷೆಯ ವಾರ ಅವನು ತನ್ನ ಪ್ರೊಫೈಲಿನಲ್ಲಿ ಯುದ್ಧದ ಆಯ್ಕೆಯನ್ನು ಕೆಂಪು ಮಾಡಿಡಲಿ, ಅಂದರೆ ಈ ಸಲ ಯುದ್ಧಕ್ಕಿಲ್ಲ ಎಂದು. ಅವನು ಮರೆತರೆ ನೀವೇ ಪಟ್ಟಿಯಿಂದ ಹೆಸರು ಬಿಡಿ.

ತಿಂಗಳ ಆರಂಭದ ಕ್ಲಾನ್ ವಾರ್ ಲೀಗ್ ಬೇರೆ ಥರ. ಏಳು ದಿನ, ದಿನಕ್ಕೊಂದು ಕದನ, ತಲೆಗೊಂದು ದಾಳಿ. ಅಲ್ಲೂ ನೀವು ಶುರು ಮಾಡುವ ಹೊತ್ತೇ ಉಳಿದ ದಿನಗಳ ಹೊತ್ತನ್ನು ನಿರ್ಧರಿಸುತ್ತದೆ, ಆದ್ದರಿಂದ ಸಂಜೆಯೇ ಶುರು ಮಾಡಿ. ದಿನದ 15 ಅಥವಾ 30 ಜನರ ಪಟ್ಟಿಯಲ್ಲಿ ಅವನನ್ನು ಎಲ್ಲ ಏಳು ದಿನ ಹಾಕಬೇಕಾಗಿಲ್ಲ.

ಐಡಿ ಕೊಡುವ ಮೂವರ ವಿಷಯ ನೀವು ಒಂದೇ ಸಾಲಿನಲ್ಲಿ ದಾಟಿಸಿದ್ದೀರಿ, ಆದರೆ ಇಡೀ ಪತ್ರದಲ್ಲಿ ಹೆಚ್ಚು ಬೇಸರ ತರಿಸುವುದು ಅದೇ. ಲೆಕ್ಕ ಹಾಕಿ. ಒಬ್ಬರಿಗೆ ಯುದ್ಧಕ್ಕೆ ಎರಡು ದಾಳಿ. ಅವನದು ಎರಡು, ಆ ಮೂವರದು ಆರು, ಒಟ್ಟು ಎಂಟು. ದಾಳಿಯೊಂದಕ್ಕೆ ಹೆಚ್ಚೆಂದರೆ 3 ನಿಮಿಷ, ಅಂದರೆ 24 ನಿಮಿಷ. ಆದರೆ ಬೇಸ್ ನೋಡಿ ಸೈನ್ಯ ಆರಿಸಿ, ಹಳೆ ದಾಳಿಗಳ ರಿಪ್ಲೇ ನೋಡಿ, ಲಾಗಿನ್ ಕೋಡ್ ಬರಲೆಂದು ಕಾದು ಕೂತರೆ ಪ್ರತಿಯೊಂದಕ್ಕೂ ಕಾಲು ಗಂಟೆ ಹಿಡಿಯುತ್ತದೆ. ಒಟ್ಟು ಎರಡು ಗಂಟೆ. ಅದರಲ್ಲಿ ಒಂದೂವರೆ ಗಂಟೆ ಅವನು ಆಡುತ್ತಿಲ್ಲ, ದೊಡ್ಡವರ ಚಾಕರಿ ಮಾಡುತ್ತಿದ್ದಾನೆ. ಖಾತೆ ಹಂಚಿಕೊಳ್ಳುವುದು ಆಟದ ಕಂಪನಿ ಸೂಪರ್‌ಸೆಲ್‌ನ ನಿಯಮಕ್ಕೇ ವಿರುದ್ಧ, ಖಾತೆ ಹೋಗಬಹುದು. ಆ ಖಾತೆಗಳಲ್ಲಿ ಒಂದಿಷ್ಟು ಜೆಮ್ಸ್ (ಆಟದೊಳಗಿನ ಹಣ) ಕಡಿಮೆಯಾದರೂ ಬೆರಳು ತಿರುಗುವುದು ಅವನ ಕಡೆಗೇ. ಕ್ಲಾನ್ ಮೇಲ್‌ನಲ್ಲಿ ಖಡಾಖಂಡಿತವಾಗಿ ಬರೆಯಿರಿ: ಪುರುಸೊತ್ತಿಲ್ಲದವರು ಕೆಂಪು ಮಾಡಿ ಕೂರಲಿ, ಯಾರೂ ಯಾರ ಐಡಿಯಲ್ಲೂ ಆಡುವಂತಿಲ್ಲ, ಮೂವರೂ ಇವತ್ತೇ ಹಳೆಯ ಸಾಧನಗಳಿಂದ ಲಾಗ್ ಔಟ್ ಆಗಲಿ. ಹಾಗೆಯೇ ಯಾರೂ ಅವನಿಗೆ ಹಣ, ಗಿಫ್ಟ್ ಕಾರ್ಡ್ ಕೊಡಕೂಡದು.

ಕೊನೆಯ ದಾಳಿಯನ್ನು ಇನ್ನು ಅವನಿಗೆ ಕೊಡಬೇಡಿ. ಇದಕ್ಕೆ ಕಾರಣವಿದೆ. 2005ರಲ್ಲಿ ಅಮೆರಿಕದ ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನದಲ್ಲಿ 306 ಜನರಿಗೆ ಕಾರು ಓಡಿಸುವ ವಿಡಿಯೋ ಗೇಮ್ ಆಡಿಸಿದರು, ಕೆಲವರಿಗೆ ಒಬ್ಬೊಬ್ಬರಾಗಿ, ಕೆಲವರಿಗೆ ತಮ್ಮದೇ ವಯಸ್ಸಿನ ಇಬ್ಬರು ಜೊತೆಗಿರುವಾಗ. ಜೊತೆಗಾರರಿದ್ದಾಗ ಅಪಾಯಕ್ಕೆ ಕೈಹಾಕುವುದು 24 ದಾಟಿದವರಿಗಿಂತ 13ರಿಂದ 16ರ ಮಕ್ಕಳಲ್ಲಿ ಬಹಳ ಹೆಚ್ಚಾಗಿತ್ತು. ನಿಮ್ಮ ಹುಡುಗನದೂ ಇದೇ ಕಥೆ ಇರಬಹುದು. ಒಬ್ಬನೇ ಕೂತು ಪ್ಲಾನ್ ಮಾಡುವಾಗ ದೊಡ್ಡವರನ್ನು ಮೀರಿಸುವ ತಲೆ, ಹತ್ತಾರು ಜನ ನೋಡುತ್ತಿರುವಾಗ ಅದೇ ತಲೆಯಲ್ಲ. ಬುದ್ಧಿವಂತಿಕೆ ಕಂಡು ನೀವೆಲ್ಲ ಅದನ್ನು ಪ್ರಬುದ್ಧತೆ ಅಂದುಕೊಂಡಿರಿ. ಕದನ ಶುರುವಾದ ಮೊದಲ ಎರಡು ಗಂಟೆಯಲ್ಲಿ, ಯಾರೂ ಗಮನಿಸದ ಹೊತ್ತಿನಲ್ಲಿ, ಅವನ ಎರಡು ದಾಳಿ ಮುಗಿಯಲಿ. ಕೊನೆಯ ದಾಳಿ ನಿಮ್ಮದೋ ಇನ್ನೊಬ್ಬ ಹಿರಿಯರದೋ ಆಗಿರಲಿ, ಸೋತರೆ ಬೈಗುಳವೂ ನಿಮ್ಮ ಪಾಲಿಗೇ ಬರಲಿ.

ಅವನನ್ನು ಕೋ-ಲೀಡರ್ ಹುದ್ದೆಯಿಂದ ಒಂದು ಮೆಟ್ಟಿಲು ಕೆಳಗಿನ ಎಲ್ಡರ್ ಮಾಡಿ. ಎಲ್ಡರ್‌ಗೆ ಯುದ್ಧ ಶುರು ಮಾಡುವ ಅಧಿಕಾರ ಇಲ್ಲ, ಆ ಹೊರೆ ಇಳಿಯುತ್ತದೆ. ಪ್ಲಾನ್ ಮಾಡುವ ಕೆಲಸ ಅವನಲ್ಲೇ ಉಳಿಯಲಿ, ಪ್ರತಿ ಯುದ್ಧದ ಮೇಲ್‌ನಲ್ಲಿ “ಪ್ಲಾನ್ ಇವನದು” ಎಂದು ಹೆಸರು ಹಾಕಿ.

ಪುಣೆಯವರಿಗೆ ನೀವೇ ಫೋನ್ ಮಾಡಿ, ಟೈಪ್ ಮಾಡಬೇಡಿ. ಬೈದದ್ದು 13ರ ಮಗುವನ್ನು ಎಂದು ತಿಳಿಸಿ ಸುಮ್ಮನಿರಿ. ನಿಜವಾಗಿ ದೊಡ್ಡವರಾಗಿದ್ದರೆ ಅಲ್ಲೇ ತಲೆ ತಗ್ಗಿಸುತ್ತಾರೆ. “ಗೊತ್ತಿರಲಿಲ್ಲವಲ್ಲ” ಎಂದರೆ, 25ರವನಾಗಿದ್ದರೆ ಅಮ್ಮನನ್ನು ಸೇರಿಸಿ ಬೈಯಬಹುದಿತ್ತೇ ಎಂದು ಕೇಳಿ. ಕ್ಷಮೆ ಕ್ಲಾನ್ ಚಾಟ್‌ನಲ್ಲಿ ಎಲ್ಲರೆದುರು ಬರಬೇಕು, ಒಂದೇ ಸಾಲು, “ಆದರೆ” ಇಲ್ಲದೆ. ಒಪ್ಪದಿದ್ದರೆ ಏಳು ದಿನ ಹೊರಗೆ, ಇನ್ನೊಮ್ಮೆ ಆದರೆ ಶಾಶ್ವತವಾಗಿ. ಯುದ್ಧ ನಡೆಯುತ್ತಿರುವಾಗ ಮಾತ್ರ ಯಾರನ್ನೂ ಕಿಕ್ ಮಾಡಬೇಡಿ (ಕ್ಲಾನಿನಿಂದ ಹೊರಹಾಕಬೇಡಿ). ಆ ಜಾಗಕ್ಕೆ ಬೇರೆಯವರನ್ನು ತುಂಬಲಾಗದು, ಆಮೇಲೆ ಸೋಲಿನ ಗೂಬೆಯನ್ನು ಆ ಹುಡುಗನ ಮೇಲೆಯೇ ಕೂರಿಸುತ್ತಾರೆ. ಇನ್ನೊಂದು ನಿಯಮ ಎಲ್ಲರಿಗೂ: ಯುದ್ಧ ಮುಗಿದ ಮೇಲೆ 20 ನಿಮಿಷ ಯಾರ ದಾಳಿಯ ಬಗ್ಗೆಯೂ ಮಾತಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮರಾಠಿ ಬೈಗುಳವನ್ನು ಆಟವೇ ತಡೆಯುತ್ತದೆಂದು ನಂಬಿ ಕೂರಬೇಡಿ, ಅದನ್ನು ನೋಡುವ ಕೆಲಸ ನಿಮ್ಮದೇ.

36ಕ್ಕೆ ಆಡುವುದು ತಪ್ಪಲ್ಲ. 2014ರಲ್ಲಿ ಕೆನಡಾದ ಸಂಶೋಧಕರು ಸ್ಟಾರ್‌ಕ್ರಾಫ್ಟ್ 2 ಆಡುವ 16ರಿಂದ 44 ವಯಸ್ಸಿನ 3,305 ಜನರ ಆಟ ಪರಿಶೀಲಿಸಿದಾಗ ಪ್ರತಿಕ್ರಿಯೆಯ ವೇಗ 24ರಿಂದಲೇ ಇಳಿಯತೊಡಗಿದ್ದು ಕಂಡಿತು. ಹಿರಿಯರು ಆ ಕೊರತೆಯನ್ನು ಬೇರೆ ಜಾಣ್ಮೆಯಿಂದ ತುಂಬಿಕೊಳ್ಳುತ್ತಿರುವ ಸುಳಿವೂ ಸಿಕ್ಕಿತು. ಆಡಿ, ಹೆಂಡತಿಗೆ ಸಲ್ಲಬೇಕಾದ ರಾತ್ರಿಯ ಹೊತ್ತು ಮಾತ್ರ ತಿನ್ನಬೇಡಿ.

ತಾಯಿಗೆ ಫೋನ್ ಮಾಡುವುದು ಇಷ್ಟೆಲ್ಲ ಸರಿಮಾಡಿದ ಮೇಲೆ, ಭಾನುವಾರ ಸಂಜೆ, ಹೆಂಡತಿ ಪಕ್ಕದಲ್ಲಿರುವಾಗ ಸ್ಪೀಕರ್ ಹಾಕಿಕೊಂಡು. ದೂರಿನಿಂದ ಶುರು ಮಾಡಬೇಡಿ, ಹಾಗೆ ಮಾಡಿದರೆ ಎರಡನೇ ವಾಕ್ಯಕ್ಕೇ ಫೋನ್ ಕಿತ್ತುಕೊಂಡಿರುತ್ತಾರೆ. “ಅಕ್ಕಾ, ನಾನು ಇಂಥವನು, ಡೊಂಬಿವಲಿಯಲ್ಲಿರುತ್ತೇನೆ. ನಿಮ್ಮ ಮಗ ನಮ್ಮ ಜೊತೆ ಆಟ ಆಡುತ್ತಾನೆ, ಅವನ ವಯಸ್ಸು ನಮಗೆ ಮೊನ್ನೆ ಗೊತ್ತಾಯಿತು. ನಮ್ಮವರೊಬ್ಬರು ಅವನನ್ನು ಕೆಟ್ಟದಾಗಿ ಬೈದರು, ಅದು ನಮ್ಮ ತಪ್ಪು. ಈಗ ಇಂತಿಂಥದ್ದು ಬದಲಾಯಿಸಿದ್ದೇವೆ. ಅವನು ಆಡಬೇಕೋ ಬೇಡವೋ ನೀವು ಹೇಳಿ.” ಆಟದ ನಿಯಮದಲ್ಲಿ 13 ದಾಟಿದವರು ಆಡಬಹುದು. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೂ ಅವನು ಮಗುವೇ, ಅವನ ಮಾಹಿತಿ ಬಳಸುವುದಕ್ಕೂ ಪಾಲಕರ ಒಪ್ಪಿಗೆ ಬೇಕೆನ್ನುತ್ತದೆ ಅದು. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಲು ಅವರಿಗೆ ಹೇಳಿ. ಬೇರೆ ಯಾರಾದರೂ ಅವನ ಫೋಟೋ ಕೇಳಿದ್ದರೆ, ಒಬ್ಬನೇ ಇರುವಾಗ ಕಾಲ್ ಮಾಡಿದ್ದರೆ, ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಂಡು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ತಿಳಿಸಿ.

ಅವರು ಬೇಡ ಎಂದರೆ ವಾದ ಬೇಡ. ಕಿಕ್ ಒತ್ತುವಾಗ ಕಾಣುವ ಸಂದೇಶದ ಜಾಗವನ್ನು ಖಾಲಿ ಬಿಡದೆ ಎರಡು ಸಾಲು ಬರೆಯಿರಿ: ನಿನ್ನ ಆಟದ ಹಳ್ಳಿಯನ್ನು ಸೂಪರ್‌ಸೆಲ್ ಐಡಿಗೆ ಸೇರಿಸಿಡು, ಫೋನ್ ಬದಲಾದರೂ ಅದು ಸಿಗುತ್ತದೆ. ಅಮ್ಮ ಹೂಂ ಅಂದ ದಿನ ಬಾ.