ಸ್ಕ್ಯಾನ್ ಮಾಡುವ ಮೊದಲು ಎರಡು ಪುಟ ಬರೆಯಿರಿ

ಪ್ರಶ್ನೆ: ನಮ್ಮೂರ ವಾಚನಾಲಯದಲ್ಲಿ 1930ರ ದಶಕದ ಪತ್ರಿಕೆಗಳ ಕಟ್ಟುಗಳಿವೆ. ಸ್ಕ್ಯಾನ್ ಮಾಡಿಸೋಣ ಅಂತಿದ್ದೇವೆ. ಮೊದಲೇ ನಿಯಮ ಅಂತ ಬರೆದಿಡಬೇಕಾ?
– ಓದುಗರೊಬ್ಬರು, ಶಿರಸಿ

ಉತ್ತರ: ಖಂಡಿತ ಬರೆದಿಡಿ, ಎರಡು ಪುಟ ಸಾಕು. ಹಿಂದೊಮ್ಮೆ ನಾನು ನಾಲ್ಕು ತಿಂಗಳು ಕೂತು ಸ್ಕ್ಯಾನ್ ಮಾಡಿದ್ದೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿತ್ತು. ಅದು ಕೆಟ್ಟುಹೋಯಿತು. ಮತ್ತೆ ಕಟ್ಟು ಬಿಚ್ಚಿದರೆ, ಮಡಿಕೆ ಬಿದ್ದ ಕಡೆಯೆಲ್ಲ ಕಾಗದ ಪುಡಿಯಾಗಿ ಬೆರಳಿಗೆ ಅಂಟಿತು. ಆ ಸಂಕಟ ಇನ್ನೂ ಹೋಗಿಲ್ಲ. ಅದಕ್ಕೇ ಮೊದಲ ಸಾಲಿನಲ್ಲೇ ಬರೆಯಿರಿ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ. ವರ್ಷಕ್ಕೊಮ್ಮೆ ತೆರೆದು ನೋಡುವವರು ಯಾರು ಅನ್ನೋದೂ ಇರಲಿ.

ಸ್ಕ್ಯಾನಿನ ಮೂಲ ಪ್ರತಿ ಟಿಫ್‌ನಲ್ಲಿ (ಚಿತ್ರದ ವಿವರ ಕಳೆಯದೆ ಉಳಿಸಬಲ್ಲ ಫೈಲ್ ಬಗೆ), 400 ಡಿಪಿಐ (ಇಂಚಿಗೆ 400 ಚುಕ್ಕಿ) ಇರಲಿ. ಓದುವವರಿಗೆ ಪಿಡಿಎಫ್ ಸಾಕು. ಫೈಲಿಗೆ ಸುಮ್ನೆ ‘ಸ್ಕ್ಯಾನ್ 1’ ಅನ್ನಬೇಡಿ. ಪತ್ರಿಕೆ, ವರ್ಷ, ಸಂಚಿಕೆ, ಪುಟ ಹೆಸರಲ್ಲೇ ಬರಲಿ.

ಜಾಸ್ತಿ ಜನ ಮರೆಯೋದು ಹಕ್ಕಿನ ವಿಷಯ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪತ್ರಿಕೆ ಹಳೆಯದೇ, ಆದರೆ ಬರೆದವರು 1980ರಲ್ಲಿ ತೀರಿಕೊಂಡಿದ್ದರೆ? 2040 ಮುಗಿಯುವವರೆಗೆ, ಆ ಲೇಖನವನ್ನು ಎಲ್ಲರಿಗೂ ತೆರೆದಿಡಲು ಹಕ್ಕುದಾರರ ಒಪ್ಪಿಗೆ ಬೇಕು.

ಇನ್ನೊಂದು, ಕೆಲಸ ಮುಗಿದ ಮೇಲೂ ಆ ಕಟ್ಟುಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ.